ಕೋಲಾರದ ಗವಿಯಲ್ಲಿ ಉಳಿದ ಇನ್ನೂರು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಸಾಕು, ಕೆಜಿಎಫ್‌ ಮತ್ತು ಬಂಗಾರಪೇಟೆಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮಕ್ಕಳಿಗೆ ಹುಲಿ, ಆನೆ ಕಾಣಬೇಕು. ಜಲಪಾತದ ಕೆಳಗೆ ತಲೆಯೊಡ್ಡಿ ನಿಲ್ಲಬೇಕು. ಗುಹೆಯೊಂದಿದ್ದರೆ ಅದರೊಳಕ್ಕೆ ನುಗ್ಗಲೇಬೇಕು. ಅಪ್ಪ ಅಮ್ಮಂದಿರ ಲೆಕ್ಕ ಬೇರೆ. ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಮನೆ ಸೇರುವವರಿಗೆ ವಾರದಲ್ಲಿ ಸಿಗುವುದು ಭಾನುವಾರ ಒಂದೇ. ಒಂದು ದಿನದಲ್ಲಿ ಬಂಡೀಪುರ ಕಂಡು ಬರಲಾದೀತೆ?

ಸಮಾಜ ವಿಜ್ಞಾನದ ಪುಸ್ತಕದಲ್ಲಿ ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳ ಪಟ್ಟಿ ಇದೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಈ ಐದರಲ್ಲಿ ಕೋಲಾರ ಜಿಲ್ಲೆಯದು ಒಂದೂ ಇಲ್ಲ. ಮಕ್ಕಳು ಪಟ್ಟಿಯನ್ನು ಉರು ಹೊಡೆದು ಪರೀಕ್ಷೆ ಬರೆಯುತ್ತಾರೆ; ನಮ್ಮೂರ ಕಡೆ ನೋಡುವಂಥದ್ದು ಏನೂ ಇಲ್ಲವೆಂದು ನಂಬಿಬಿಡುತ್ತಾರೆ. ದೊಡ್ಡವರೂ ಅಷ್ಟೇ. ಕೋಲಾರವೆಂದರೆ ಬರ, ಬೋರ್‌ವೆಲ್, ಮುಚ್ಚಿದ ಚಿನ್ನದ ಗಣಿ.

ಆದರೆ ಇದೇ ಜಿಲ್ಲೆಯ ಒಂದು ಬಂಡೆಗವಿಯಲ್ಲಿ, ಪ್ರಪಂಚದ ಬೇರಾವ ಕಡೆಯೂ ಈಗ ಇದೆಯೆಂದು ಗೊತ್ತಿಲ್ಲದ ಒಂದು ಪ್ರಾಣಿ ಬದುಕಿದೆ. ಹುಲಿಯನ್ನು ರಷ್ಯಾದಲ್ಲೂ ಕಾಣಬಹುದು, ಸುಮಾತ್ರಾದಲ್ಲೂ ಕಾಣಬಹುದು. ಕೋಲಾರದ ಎಲೆಮೂಗಿನ ಬಾವಲಿಗೆ ಕೋಲಾರವೇ ಗತಿ. ಅದರ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ ಎಂದು ಅಂದಾಜು. ಒಂದು ಸಾಧಾರಣ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಮಕ್ಕಳು ಇದಕ್ಕಿಂತ ಹೆಚ್ಚು!

ಹಾಗಾದರೆ ಒಂದು ಭಾನುವಾರ ಈ ಜಿಲ್ಲೆಯನ್ನೇ ಉದ್ಯಾನವೆಂದು ಎಣಿಸಿ ಹೊರಟರೆ ಹೇಗೆ?

ರೈಲಿನ ಕಿಟಕಿಯಲ್ಲಿ ಕೃಷ್ಣಮೃಗ

ಹೊರಡುವುದು ಮಾರಿಕುಪ್ಪಂನಿಂದ. ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ಎಂದು ರೈಲು ಪುಟ್ಟ ಪುಟ್ಟ ನಿಲ್ದಾಣಗಳಲ್ಲಿ ನಿಂತು ಬಂಗಾರಪೇಟೆ ಸೇರುತ್ತದೆ. ಈ ಹಾದಿಯ ಹೆಸರುಗಳೇ ಗಣಿಗಳ ಚರಿತ್ರೆ. ಬಂಗಾರಪೇಟೆಯ ಹೆಸರಿಗೂ ಒಂದು ಕಥೆ ಉಂಟು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ನೆನಪಿಗೆ ಅದು ಬೌರಿಂಗ್‌ಪೇಟೆ ಆಗಿತ್ತು. ಪಕ್ಕದಲ್ಲೇ ಬಂಗಾರ ಸಿಗುವಾಗ ಜನರ ಬಾಯಲ್ಲಿ ಬಂಗಾರಪೇಟೆಯಾಗಲು ಎಷ್ಟು ಹೊತ್ತು?

ರೈಲಿನ ಆಚೀಚೆ ಬೂದು ಬಣ್ಣದ ದಿಬ್ಬಗಳು ಕಾಣುತ್ತವೆ. ಸಿನಿಮಾದವರು ಮರಳುಗಾಡೆಂದು ತೋರಿಸುವ ಸಯನೈಡ್ ದಿಬ್ಬಗಳಿವು. ಕಲ್ಲನ್ನು ಹಿಟ್ಟು ಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಸುರಿದ ಪುಡಿ 3 ಕೋಟಿ ಟನ್‌ಗೂ ಹೆಚ್ಚು. ಗಾಳಿ ಬೀಸಿದಾಗ ಈ ಧೂಳು ಮನೆಗಳೊಳಗೆ ನುಗ್ಗುವುದನ್ನು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಜಾಗದಲ್ಲಿ ಜೀವ ಉಳಿದೀತೆ ಎಂದುಕೊಂಡರೆ, ಬೆಳಗಿನ ತಂಪಿನಲ್ಲಿ ದಿಬ್ಬಗಳ ನಡುವಿನ ಹುಲ್ಲು ಬಯಲಲ್ಲಿ ಕೃಷ್ಣಮೃಗಗಳು ಮೇಯುತ್ತಿರುತ್ತವೆ! ತಿರುಚಿದ ಕೊಂಬಿನ, ಕಪ್ಪು ಬೆನ್ನಿನ ಗಂಡು. ಕೊಂಬಿಲ್ಲದ ತಿಳಿಕಂದು ಹೆಣ್ಣುಗಳು. ಇವಕ್ಕೆ ದಟ್ಟ ಕಾಡು ಬೇಡ. ಶತ್ರು ದೂರದಿಂದಲೇ ಕಾಣುವ ಬಯಲು ಬೇಕು, ಓಡಲು ಅಡ್ಡಿಯಿರಬಾರದು. ಗಣಿ ಕಂಪೆನಿಯ ನೂರಾರು ಎಕರೆ ಹಾಳುಬಿದ್ದ ನೆಲದಲ್ಲಿ ಮನೆಯೂ ಏಳಲಿಲ್ಲ, ಹೊಲವೂ ಆಗಲಿಲ್ಲ. ಅದೇ ಅವಕ್ಕೆ ವರವಾಯಿತು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದೇ 1974ರಲ್ಲಿ ಅಭಯಾರಣ್ಯವಾಯಿತು, ತುಮಕೂರು ಜಿಲ್ಲೆಯ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಕೆಜಿಎಫ್‌ನ ಜಿಂಕೆಗಳು ನಿಂತಿರುವುದು ಮಾತ್ರ ಕೈಗಾರಿಕೆಗೆ ಕೊಡಬೇಕೆಂದು ಮತ್ತೆ ಮತ್ತೆ ಮಾತು ಬರುವ ನೆಲದಲ್ಲಿ. ಬೀದಿನಾಯಿಗಳ ಕಾಟ ಬೇರೆ.

ಇಲ್ಲಿ ಜಲಪಾತ ಎಲ್ಲಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಆದರೆ ಕೆಜಿಎಫ್‌ಗೂ ಒಂದು ಜಲಪಾತಕ್ಕೂ ನಂಟಿದೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ಶಕ್ತಿಯಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ತಂತಿ ಎಳೆದು, 1902ರ ಜೂನ್ 30ರಂದು ಈ ಗಣಿಗಳಿಗೆ ಹರಿಸಲಾಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ! ಇನ್ನು ಗುಹೆಯೆಂದರೆ, ಮನುಷ್ಯ ಕೊರೆದ ಗುಹೆ ಇಲ್ಲಿ 3 ಕಿಲೋಮೀಟರ್‌ಗೂ ಆಳ ಇಳಿದಿತ್ತು. ಮೇಲಿನಿಂದ ಸುರಿಯುವ ವಿಶ್ವಕಿರಣಗಳನ್ನು ಬಂಡೆಯೇ ತಡೆಯಲಿ ಎಂದು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತನ್ನು ಹಿಡಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಸುರಂಗಗಳಲ್ಲಿ ಈಗ ನೀರು ತುಂಬಿದೆ, ಅಲ್ಲಿಗೆ ಪ್ರವಾಸವಿಲ್ಲ.

ಬಂಗಾರಪೇಟೆಯ ತೆಂಕಣ ಕಡೆಗೆ, ಕಾಮಸಮುದ್ರ ಮತ್ತು ಬೂದಿಕೋಟೆಯ ಸುತ್ತ ಕಾಡಾನೆಗಳೂ ಉಂಟು. ತಮಿಳುನಾಡಿನ ಹೊಸೂರು ಕಾಡಿಗೂ ಆಂಧ್ರದ ಕೌಂಡಿನ್ಯ ಅಭಯಾರಣ್ಯಕ್ಕೂ ನಡುವೆ ಓಡಾಡುವ ಹಿಂಡುಗಳಿವು. ಮೂರು ರಾಜ್ಯಗಳ ಗಡಿ ಅವಕ್ಕೆ ಗೊತ್ತಿಲ್ಲ. ರಾಗಿ ತೆನೆ ಕಟ್ಟುವ ಕಾಲ ಮಾತ್ರ ಚೆನ್ನಾಗಿ ಗೊತ್ತು. ಆ ಊರುಗಳಲ್ಲಿ ಹೊಲ ಕಾಯುವುದು ಜೀವದ ಪ್ರಶ್ನೆ. ಆನೆ ನೋಡೋಣವೆಂದು ಮಕ್ಕಳನ್ನು ಕಟ್ಟಿಕೊಂಡು ಆ ಕಡೆ ಹೋಗುವುದು ಬುದ್ಧಿವಂತಿಕೆಯಲ್ಲ.

ಬಸವನ ಬಾಯಿಯ ನೀರು

ಬಂಗಾರಪೇಟೆಯಿಂದ ಕೋಲಾರಕ್ಕೆ ಹತ್ತಾರು ಕಿಲೋಮೀಟರ್. ಹಿಂದೆ ಈ ಹಾದಿಯಲ್ಲಿ ಪುಟಾಣಿ ನ್ಯಾರೋಗೇಜ್ ರೈಲು ತೆವಳುತ್ತಿತ್ತು. ಹಳಬರು ಅದನ್ನು ಇಂದಿಗೂ ನೆನೆಸಿಕೊಂಡು ನಗುತ್ತಾರೆ. ಈಗ ಬಸ್ಸೇ ಸಲೀಸು. ಕೋಲಾರ ಹತ್ತಿರ ಬರುತ್ತಿದ್ದಂತೆ ಊರಿನ ಬೆನ್ನಿಗೆ ಒರಗಿದಂತೆ ಬೆಟ್ಟಗಳ ಸಾಲು. ಶತಶೃಂಗ ಪರ್ವತವೆಂದು ಪುರಾಣದ ಹೆಸರು. ಜನ ಹೇಳುವುದು ಅಂತರಗಂಗೆ ಬೆಟ್ಟ.

ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಎದುರಿಗೆ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಬೇಸಿಗೆಯಲ್ಲೂ ಬೀಳುತ್ತದೆ ಎಂಬುದೇ ಇದರ ಹೆಗ್ಗಳಿಕೆ. ಕಾಶಿಯ ಗಂಗೆಯೇ ನೆಲದೊಳಗೆ ಹರಿದು ಇಲ್ಲಿ ಬಂದಿದ್ದಾಳೆಂದು ನಂಬುವವರು ತೀರ್ಥವನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬತ್ತುವ ಜಿಲ್ಲೆಯಲ್ಲಿ ಬೆಟ್ಟದ ಮೇಲಿಂದ ನೀರು ಸುರಿದರೆ ಅದು ಗಂಗೆಯಲ್ಲದೆ ಮತ್ತೇನು?

ವಿಜ್ಞಾನದ ಮೇಷ್ಟರು ಇದನ್ನು ಬೇರೆ ರೀತಿ ವಿವರಿಸುತ್ತಾರೆ. ಗ್ರಾನೈಟು ನೀರು ಹೀರುವ ಕಲ್ಲಲ್ಲ. ಆದರೆ ಅದರಲ್ಲಿ ಸೀಳುಗಳಿರುತ್ತವೆ. ಬೆಟ್ಟದ ನೆತ್ತಿ ಚೂಪಾಗಿಲ್ಲ; ಅಗಲವಾಗಿ ಹರಡಿದೆ, ಅಲ್ಲಿ ಊರುಗಳಿವೆ, ಹೊಲಗಳಿವೆ. ಅಲ್ಲಿ ಬಿದ್ದ ಮಳೆ ಮಣ್ಣಿಗಿಳಿದು, ಸೀಳಿಗಿಳಿದು, ನಿಧಾನವಾಗಿ ಜಿನುಗುತ್ತಾ ಬಂದು, ದಾರಿ ಸಿಕ್ಕ ಕಡೆ ಹೊರಗೆ ಬರುತ್ತದೆ. ಮಳೆ ಬಿದ್ದ ದಿನವೇ ಬಾರದೆ ತಡವಾಗಿ ಬರುವುದರಿಂದಲೇ ಬೇಸಿಗೆಯಲ್ಲೂ ಹರಿಯುತ್ತದೆ. ಎರಡು ವಿವರಣೆಯನ್ನೂ ಮಕ್ಕಳು ಕೇಳಲಿ. ಒಂದು ಎಚ್ಚರಿಕೆ: ಇಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ದೇವಸ್ಥಾನದ ಗಂಟೆಗಿಂತ ಚೆನ್ನಾಗಿ ಕೇಳಿಸುತ್ತದೆ.

ಗುಡಿಯ ಹಿಂದಿನಿಂದ ಮೇಲಕ್ಕೆ ಏರು ಶುರು. ಸೀತಾಫಲದ ಗಿಡ, ಮುಳ್ಳುಪೊದೆ, ಮನೆಯಷ್ಟು ದೊಡ್ಡ ಉರುಟು ಬಂಡೆಗಳು. ಬಂಡೆಗಳು ಒಂದರ ಮೇಲೊಂದು ಒರಗಿದ ಕಡೆಯಲ್ಲೆಲ್ಲ ಗವಿಗಳು. ಬಗ್ಗಿ, ತೆವಳಿ, ಹೊಟ್ಟೆ ಒಳಗೆಳೆದುಕೊಂಡು ದಾಟುವ ಈ ಗವಿಗಳಿಗಾಗಿಯೇ ಬೆಂಗಳೂರಿನ ಯುವಕರು ಶನಿವಾರ ರಾತ್ರಿ ಟಾರ್ಚ್ ಹಿಡಿದು ಬರುವುದುಂಟು.

ದೈತ್ಯರು ಎಸೆದ ಗೋಲಿಗಳಂತೆ ಕಾಣುವ ಈ ಬಂಡೆಗಳು ಎಲ್ಲಿಂದಲೂ ಉರುಳಿ ಬಂದವಲ್ಲ. ಹುಟ್ಟಿದ ಜಾಗದಲ್ಲೇ ಇವೆ. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಈ ಕಲ್ಲು ನೆಲದೊಳಗಿದ್ದಾಗಲೇ ಚೌಕ ಚೌಕವಾಗಿ ಸೀಳಿತು. ಸೀಳಿನಲ್ಲಿ ಇಳಿದ ನೀರು ಕಲ್ಲನ್ನು ಕೊಳೆಸಿತು. ಸಕ್ಕರೆಯ ಅಚ್ಚನ್ನು ಬಾಯಲ್ಲಿಟ್ಟುಕೊಂಡರೆ ಮೊದಲು ಕರಗುವುದು ಮೂಲೆಗಳು ತಾನೇ? ಹಾಗೆಯೇ ಚೌಕದ ಮೂಲೆಗಳು ಮೊದಲು ಸವೆದು ಚೌಕ ಉಂಡೆಯಾಯಿತು. ಕೊಳೆತ ಭಾಗ ಮಣ್ಣಾಗಿ ಮಳೆಯಲ್ಲಿ ಕೊಚ್ಚಿಹೋಯಿತು, ಉಂಡೆಗಳು ಉಳಿದವು. ಉಂಡೆಗಳ ನಡುವಿನ ಸಂದೇ ಗವಿ.

ಛತ್ತೀಸಗಡದ ಬಸ್ತರ್‌ನಲ್ಲಿ ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನವಿದೆ. ತೀರಥಗಡದ ಜಲಪಾತ, ಕುಟುಂಸರ್ ಗುಹೆ, ಕಾಡುಪ್ರಾಣಿ ಎಲ್ಲವೂ ಅಲ್ಲಿ ಒಂದೇ ಬೇಲಿಯೊಳಗೆ. ಅಲ್ಲಿನ ಗುಹೆ ಸುಣ್ಣಕಲ್ಲಿನದು. ನೀರು ಕಲ್ಲನ್ನೇ ಕರಗಿಸಿ ಮಾಡಿದ್ದು. ಛಾವಣಿಯಿಂದ ಸುಣ್ಣದ ಕಂಬಗಳು ಇಳಿಬಿದ್ದಿರುತ್ತವೆ, ಕತ್ತಲ ನೀರಲ್ಲಿ ಕುರುಡು ಮೀನು ಈಜುತ್ತದೆ. ಕೋಲಾರದ ಗವಿಯಲ್ಲಿ ಆ ವೈಭವವಿಲ್ಲ. ಒರಟು ಕಲ್ಲು, ತಂಪು, ಕತ್ತಲೆ. ಅಷ್ಟೇ ಸಾಕೆಂದು ಒಪ್ಪಿಕೊಂಡ ಜೀವವೊಂದಿದೆ.

ಮೂಗಿನಿಂದ ಕೂಗುವ ಪ್ರಾಣಿ

1994ರಲ್ಲಿ ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮವರೇ ಆದ ಎಚ್. ಆರ್. ಭಟ್ ಸೇರಿ ಕೋಲಾರ ಜಿಲ್ಲೆಯ ಒಂದು ಬಾವಲಿಯನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ವಿಜ್ಞಾನದಲ್ಲಿ ಅದರ ಹೆಸರು ಹಿಪ್ಪೊಸಿಡೆರಾಸ್ ಹೈಪೊಫಿಲ್ಲಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ಕುದುರೆಯ ಲಾಳವೆಂದು ಅರ್ಥ. ಮೂಗಿನ ಮೇಲೆ ಲಾಳದಾಕಾರದ ಚರ್ಮದ ಮಡಿಕೆ ಇರುವುದರಿಂದ ಆ ಹೆಸರು. ಇಂಗ್ಲಿಷಿನ ವಾಡಿಕೆಯ ಹೆಸರಿನಲ್ಲಿ ಮಾತ್ರ ಕೋಲಾರ ಸೇರಿಕೊಂಡಿತು. ಊರಿನ ಹೆಸರು ಹೊತ್ತ ಪ್ರಾಣಿಯನ್ನು ಊರಿನವರಲ್ಲಿ ಕೇಳಿದವರೇ ಕಡಿಮೆ.

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಜೀವ. ಮುಂಗೈ ಮೂಳೆಯ ಉದ್ದ 4 ಸೆಂಟಿಮೀಟರ್ ಆಸುಪಾಸು. ರೆಕ್ಕೆಯೆಂದು ನಾವು ಕರೆಯುವುದು ನಿಜವಾಗಿ ಕೈ; ನೀಳವಾದ ಬೆರಳುಗಳ ನಡುವೆ ತೆಳು ಚರ್ಮ ಹೊದಿಸಿದ ಕೈ. ಬಾವಲಿ ಹಕ್ಕಿಯಲ್ಲ, ಮರಿಗೆ ಹಾಲೂಡಿಸುವ ಸಸ್ತನಿ ಎಂಬುದನ್ನು ಐದನೆಯ ತರಗತಿಯ ಮಕ್ಕಳೂ ಬಲ್ಲರು. ಅದು ಹಣ್ಣು ತಿನ್ನುವ ದೊಡ್ಡ ತೊಗಲು ಬಾವಲಿಯೂ ಅಲ್ಲ. ಕತ್ತಲಾದ ಮೇಲೆ ಹೊರಬಂದು ಹುಳುಹುಪ್ಪಟೆ ಹಿಡಿಯುವ ಜಾತಿ.

ಕತ್ತಲಲ್ಲಿ ಹಿಡಿಯುವುದು ಹೇಗೆ? ಇಟಲಿಯ ಪಾದ್ರಿ ಸ್ಪಲ್ಲಾನ್ಜಾನಿ 1790ರ ದಶಕದಲ್ಲೇ ಬಾವಲಿ ಕಣ್ಣಿಲ್ಲದೆಯೂ ದಾರಿ ಕಾಣುತ್ತದೆ, ಕಿವಿ ಮುಚ್ಚಿದರೆ ಮಾತ್ರ ತಡವರಿಸುತ್ತದೆ ಎಂಬುದನ್ನು ಕಂಡುಕೊಂಡಿದ್ದ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1938ರಲ್ಲಿ ಹಾರ್ವರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಭೌತಶಾಸ್ತ್ರದ ಪ್ರಾಧ್ಯಾಪಕರ ಬಳಿಯಿದ್ದ ಯಂತ್ರದ ಮುಂದೆ ಬಾವಲಿಗಳನ್ನಿಟ್ಟ. ಮೌನವಾಗಿವೆ ಎಂದುಕೊಂಡಿದ್ದ ಪ್ರಾಣಿಗಳು ಒಂದೇ ಸಮನೆ ಕೂಗುತ್ತಿದ್ದವು! ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳ ಮೇಲಿನ ಸದ್ದು ಕೇಳಿಸದು. ಬಾವಲಿಯ ಕೂಗು ಅದಕ್ಕೂ ಮೇಲೆ. ಕೂಗಿ, ಹುಳಕ್ಕೆ ತಗುಲಿ ಮರಳುವ ಪ್ರತಿಧ್ವನಿಯಿಂದ ಅದರ ದೂರ, ದಿಕ್ಕು ಎಲ್ಲವನ್ನೂ ಅವು ಲೆಕ್ಕ ಹಾಕುತ್ತವೆ.

ಹೆಚ್ಚಿನ ಬಾವಲಿಗಳು ಬಾಯಿಂದ ಕೂಗಿದರೆ, ಎಲೆಮೂಗಿನವು ಮೂಗಿನಿಂದ ಕೂಗುತ್ತವೆ. ಮೂಗಿನ ಮೇಲಿನ ಎಲೆಯಂಥ ಮಡಿಕೆ ಸದ್ದನ್ನು ಬೇಕಾದ ಕಡೆಗೆ ತಿರುಗಿಸುತ್ತದೆ. ಜಾತ್ರೆಯಲ್ಲಿ ಎರಡೂ ಅಂಗೈಗಳನ್ನು ಬಾಯಿಗೆ ಬಟ್ಟಲಾಗಿಸಿ ಮಗನನ್ನು ಕೂಗುವ ತಾಯಿ ಮಾಡುವುದು ಇದನ್ನೇ.

ಇಲಿಯಷ್ಟೇ ಗಾತ್ರದ್ದಾದರೂ ಇದರ ಬಾಳು ಇಲಿಯ ಹಾಗಲ್ಲ. ಇಲಿ ವರ್ಷಕ್ಕೆ ಹಲವು ಸಲ, ಸಲಕ್ಕೆ ಹಲವು ಮರಿ ಹಾಕುತ್ತದೆ. ಈ ಜಾತಿಯ ಬಾವಲಿಗಳು ಸಾಮಾನ್ಯವಾಗಿ ಹಾಕುವುದು ವರ್ಷಕ್ಕೆ ಒಂದೇ ಮರಿ. ಹಾಗಾಗಿ ಒಮ್ಮೆ ಕಡಿಮೆಯಾದರೆ ಮತ್ತೆ ಹೆಚ್ಚಲು ಬಹಳ ಕಾಲ ಬೇಕು.

ತೇರಹಳ್ಳಿಯಲ್ಲಿ ಇಲ್ಲ, ಹನುಮನಹಳ್ಳಿಯಲ್ಲಿ ಇದೆ

ಅಂತರಗಂಗೆಯ ನೆತ್ತಿಯ ಮೇಲಿನ ಊರುಗಳಲ್ಲೊಂದು ತೇರಹಳ್ಳಿ. ಗವಿ ದಾಟಿ ಹತ್ತಿದವರು ಅಲ್ಲಿ ಮಜ್ಜಿಗೆ ಕುಡಿದು ಇಳಿಯುತ್ತಾರೆ. ಈ ಬಾವಲಿ ಹಿಂದೆ ದಾಖಲಾಗಿದ್ದ ಎರಡೇ ಜಾಗಗಳಲ್ಲಿ ತೇರಹಳ್ಳಿಯೂ ಒಂದು. ಅನಂತರದ ಹುಡುಕಾಟಗಳಲ್ಲಿ ಸಂಶೋಧಕರಿಗೆ ಅದು ಅಲ್ಲಿ ಕಾಣಲೇ ಇಲ್ಲ. ಇಂದು ಅಂತರಗಂಗೆ ಹತ್ತುವ ಮಕ್ಕಳು ಗವಿಯಲ್ಲಿ ಕಾಣುವುದು ಬೇರೆ ಬಾವಲಿಗಳನ್ನು; ಕೋಲಾರದ ಹೆಸರಿನದು ಆ ಬೆಟ್ಟದಿಂದ ಹೊರಟುಹೋಗಿದೆ.

ಉಳಿದಿರುವುದು ಹನುಮನಹಳ್ಳಿಯ ಒಂದು ಗವಿ. ಅದೇ ಊರಿನ ಬಂಡೆಗಳಲ್ಲಿ ದುರ್ಗಾದಾಸನ ಎಲೆಮೂಗಿನ ಬಾವಲಿ ಎಂಬ ಇನ್ನೊಂದು ಅಪರೂಪದ ಜಾತಿಯೂ ಸಿಕ್ಕಿದೆ. 2016ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಕೋಲಾರದ ಬಾವಲಿಯನ್ನು ಅಳಿವಿನ ಅಂಚಿನ ಕಟ್ಟಕಡೆಯ ವರ್ಗಕ್ಕೆ ಸೇರಿಸಿತು. ಅದಾದ ಮೇಲಿನ ಮೆಟ್ಟಿಲೆಂದರೆ ಕಾಡಿನಲ್ಲಿ ಇಲ್ಲವೇ ಇಲ್ಲ ಎಂಬುದು.

ಅಪಾಯ ಯಾವುದು? ಹುಲಿಗೆ ಬೇಟೆಗಾರನಿದ್ದಂತೆ ಇದಕ್ಕೆ ಬೇಟೆಗಾರನಿಲ್ಲ. ಇದರ ಚರ್ಮ, ಹಲ್ಲು ಯಾರಿಗೂ ಬೇಡ. ಬೇಕಾಗಿರುವುದು ಇದರ ಮನೆ. ಕೋಲಾರದ ಗ್ರಾನೈಟಿಗೆ ಬೇಡಿಕೆ ಇದೆ. ಸೈಜುಗಲ್ಲು, ಚಪ್ಪಡಿ, ಜಲ್ಲಿ. ಬೆಂಗಳೂರು ಬೆಳೆದಷ್ಟೂ ಸುತ್ತಲಿನ ಗುಡ್ಡಗಳು ಕರಗುತ್ತವೆ. ಸಿಡಿಮದ್ದು ಇಟ್ಟು ಬಂಡೆ ಒಡೆದರೆ ಗವಿಯೇ ಹೋಗುತ್ತದೆ. ಪಕ್ಕದ ಬಂಡೆ ಒಡೆದರೂ ನಡುಕ ತಲುಪುತ್ತದೆ. ಕಲ್ಲು ಒಡೆದು ಹೊಟ್ಟೆ ಹೊರೆಯುವ ಮನೆಗಳೂ ಅಲ್ಲೇ ಇವೆ ಎಂಬುದನ್ನು ಮರೆಯುವಂತಿಲ್ಲ. ಬರದ ನೆಲದಲ್ಲಿ ಮಳೆ ಕೈಕೊಟ್ಟ ವರ್ಷ ಸುತ್ತಿಗೆ ಕೈಹಿಡಿದಿದೆ. ಆದರೆ ಸುತ್ತಿಗೆಗೆ ಬೇರೆ ಬಂಡೆಗಳು ಸಿಕ್ಕಾವು. ಬಾವಲಿಗೆ ಇನ್ನೊಂದು ಗವಿ ಸಿಗುವ ಭರವಸೆಯನ್ನು ತೇರಹಳ್ಳಿ ಕೊಡುವುದಿಲ್ಲ.

ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಅರಣ್ಯ ಇಲಾಖೆಯೊಂದಿಗೆ ಸೇರಿ ಈ ಗವಿಯ ಸುತ್ತಲಿನ ಕಲ್ಲುಗಣಿಗಾರಿಕೆ ತಡೆಯಲು, ಹಳ್ಳಿಯವರೊಂದಿಗೆ ಮಾತಾಡಿ ಗವಿ ಉಳಿಸಲು ಕೆಲಸ ಮಾಡುತ್ತ ಬಂದಿದೆ. ಬಾವಲಿಯ ಪರವಾಗಿ ಮಾತಾಡುವುದು ಸುಲಭವಲ್ಲ. ಮನೆಗೆ ಬಂದರೆ ಅಪಶಕುನವೆನ್ನುವ ಪ್ರಾಣಿ ಅದು. 2020ರಲ್ಲಿ ಕೊರೊನಾ ಬಂದಾಗ ಭಯ ಇನ್ನಷ್ಟು ಬೆಳೆಯಿತು. ರಾತ್ರಿಯಿಡೀ ಹೊಲದ ಮೇಲೆ ಹುಳ ಹಿಡಿಯುವ ಪ್ರಾಣಿ ಟೊಮೆಟೊ ಬೆಳೆಯುವ ಜಿಲ್ಲೆಗೆ ಶತ್ರುವಲ್ಲವೆಂದು ಹೇಳಿದರೆ ಕೇಳುವ ಕಿವಿ ಆಗ ಇರಲಿಲ್ಲ.

ಬಾವಲಿಗಾಗಿ ಕಾಡು ಉಳಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಬಾರಾಪೇಡೆ ಗವಿಗಳಿವೆ. 1913ರಲ್ಲಿ ವರ್ಣಿಸಲಾದ ರಾಟನ್ನನ ಬಾವಲಿ ಅಲ್ಲಿಂದಲೇ ಜಗತ್ತಿಗೆ ಗೊತ್ತಾದದ್ದು. ಬಹುಕಾಲ ಅದು ಅಲ್ಲಿ ಮಾತ್ರವೇ ಇದೆಯೆಂದು ತಿಳಿದಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಆ ಕಾಡು 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು. ಮಹದಾಯಿ ಹುಟ್ಟುವ, ವಜ್ರಪೋಹ ಜಲಪಾತವಿರುವ ಆ ಕಾಡಿಗೆ ಹೆಸರು ಬರಲು ಬೇಕಾದದ್ದೆಲ್ಲ ಇತ್ತು. ಹನುಮನಹಳ್ಳಿಯಲ್ಲಿ ಜಲಪಾತವಿಲ್ಲ, ಹಸಿರು ಕಾಡಿಲ್ಲ, ಹುಲಿಯಿಲ್ಲ. ಇರುವುದು ಒಂದು ಗವಿ. ಚಂದವಿಲ್ಲದ ಜಾಗಕ್ಕೆ ಬೇಲಿ ಹಾಕಿಸುವುದು ಕಷ್ಟ.

ಒಳಗೆ ಹೋಗದೆ ನೋಡುವುದು

ಹಾಗಾದರೆ ಮಕ್ಕಳನ್ನು ಹನುಮನಹಳ್ಳಿಗೆ ಕರೆದುಕೊಂಡು ಹೋಗಿ ತೋರಿಸೋಣವೇ? ಬೇಡ. ಒಂದು ಗವಿ, ಇನ್ನೂರು ಜೀವ. ಅಲ್ಲಿಗೆ ಭಾನುವಾರಕ್ಕೆ ಒಂದು ಬಸ್ಸು ಮಕ್ಕಳು ಹೋದರೂ ಹೆಚ್ಚೇ. ಟಾರ್ಚಿನ ಬೆಳಕು, ಕೇಕೆ, ಬೀಡಿಯ ಹೊಗೆ ಯಾವುದನ್ನೂ ಗವಿಯ ಬಾವಲಿಗಳು ಸಹಿಸವು. ಹೆದರಿ ಎದ್ದರೆ ಕೂಸು ಕಟ್ಟಿಕೊಂಡ ತಾಯಂದಿರಿಗೆ ಕಷ್ಟ, ಹಗಲಲ್ಲಿ ಹೊರಬಿದ್ದರೆ ಹದ್ದುಗಳಿಗೆ ಹಬ್ಬ.

ಹೀಗೂ ನೋಡಬಹುದೆಂದು ದೂರದ ಒಂದು ಉದ್ಯಾನ ತೋರಿಸಿಕೊಟ್ಟಿದೆ. ಮಲೇಶಿಯಾದ ಸರವಾಕ್‌ನಲ್ಲಿರುವ ಗುನುಂಗ್ ಮುಲು ರಾಷ್ಟ್ರೀಯ ಉದ್ಯಾನ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಡೀರ್ ಕೇವ್ ಎಂಬ ದೈತ್ಯ ಗುಹೆಯಲ್ಲಿ 20ರಿಂದ 30 ಲಕ್ಷ ಬಾವಲಿಗಳಿವೆಯೆಂದು ಲೆಕ್ಕ. ಅಷ್ಟಿದ್ದರೂ ಅವು ಹಾರಿ ಹೊರಡುವುದನ್ನು ನೋಡಲು ಗುಹೆಯ ಹೊರಗೆ ಬೆಂಚು ಹಾಕಿದ್ದಾರೆ. ಸಂಜೆಯಾದಂತೆ ಕಪ್ಪು ರಿಬ್ಬನ್ ಬಿಚ್ಚಿದ ಹಾಗೆ ಬಾವಲಿಗಳ ಸಾಲು ಆಕಾಶಕ್ಕೆ ಏರುತ್ತದೆ. ಜನ ಕೂತಲ್ಲೇ ಕೂತು ನೋಡಿ ಮರಳುತ್ತಾರೆ.

ಅಂತರಗಂಗೆಯ ಕೆಳಗಿನ ಮೆಟ್ಟಿಲ ಮೇಲೆ ಕೂತರೂ ಇದರ ಒಂದು ಪುಟ್ಟ ರೂಪ ಕಾಣಸಿಗುತ್ತದೆ. ಸೂರ್ಯ ಮುಳುಗಿ, ಮಂಗಗಳು ಸುಮ್ಮನಾಗಿ, ಕೋಲಾರದ ದೀಪಗಳು ಹತ್ತುವ ಹೊತ್ತು. ಮೊದಲು ಒಂದು, ಆಮೇಲೆ ಎರಡು, ಬಂಡೆಯ ಸಂದಿನಿಂದ ಕರಿಯ ಚುಕ್ಕಿಗಳು ಹೊರಬೀಳುತ್ತವೆ. ಗುಬ್ಬಿಯ ಹಾಗೆ ನೇರ ಹಾರುವುದಿಲ್ಲ. ಹೊರಳುತ್ತವೆ, ತಿರುಗುತ್ತವೆ, ಕ್ಷಣ ನಿಂತಂತೆ ಮಾಡಿ ಮಾಯವಾಗುತ್ತವೆ. ಪ್ರತಿಯೊಂದು ಹೊರಳಿಗೂ ಒಂದೊಂದು ಹುಳ ಹೋಯಿತೆಂದು ಲೆಕ್ಕ. ಗಾಳಿಯೆಲ್ಲ ಅವುಗಳ ಕೂಗಿನಿಂದ ತುಂಬಿರುತ್ತದೆ, ಕೂತವರಿಗೆ ಕೇಳಿಸುವುದು ದೂರದ ಬಸ್ಸಿನ ಹಾರ್ನ್ ಮಾತ್ರ. ಒಂದು ನೋಟ್‌ಬುಕ್ಕಿದ್ದರೆ ಮಕ್ಕಳು ಮೊದಲ ಬಾವಲಿ ಕಂಡ ಹೊತ್ತನ್ನು ಬರೆದಿಡಬಹುದು. ತಿಂಗಳಿಗೊಮ್ಮೆ ಹೋಗಿ ಬರೆದರೆ, ಸೂರ್ಯ ಮುಳುಗುವ ಹೊತ್ತು ಬದಲಾದಂತೆ ಅವೂ ಬದಲಾಗುವುದು ಕಾಣುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಥರ್ಮೊಕೋಲಿನ ಜ್ವಾಲಾಮುಖಿಗಿಂತ ಇದು ಮೇಲು.

ಹೋಗುವವರಿಗೆ

ಕೆಜಿಎಫ್‌ನಿಂದ ಬಂಗಾರಪೇಟೆಗೆ ರೈಲೂ ಬಸ್ಸೂ ಇವೆ. ಅಲ್ಲಿಂದ ಕೋಲಾರಕ್ಕೆ ಬಸ್ಸು ಹಿಡಿದರೆ, ಕೋಲಾರ ನಿಲ್ದಾಣದಿಂದ ಅಂತರಗಂಗೆಯ ಬುಡಕ್ಕೆ ಆಟೋದಲ್ಲಿ ಸ್ವಲ್ಪವೇ ದೂರ. ಬೆಂಗಳೂರಿನಿಂದ ಬರುವವರಿಗೆ ಕೋಲಾರ ಸುಮಾರು 70 ಕಿಲೋಮೀಟರ್. ಗವಿ ಹಾಯುವವರು ದಾರಿ ಬಲ್ಲ ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಬಂಡೆಗಳ ನಡುವೆ ದಿಕ್ಕು ತಪ್ಪುವುದು ಸುಲಭ, ಮಳೆಗಾಲದಲ್ಲಿ ಜಾರುತ್ತದೆ. ಬಾವಲಿ ಕೂತ ಗವಿ ಕಂಡರೆ ಹೊರಗೇ ನಿಲ್ಲಬೇಕು. ಅವನ್ನು ಮುಟ್ಟಬಾರದು, ಬಾವಲಿ ಹಿಕ್ಕೆಯ ಧೂಳನ್ನು ಕೆದಕಬಾರದು. ಆ ಧೂಳು ಮಕ್ಕಳ ಎದೆಗೂ ಒಳ್ಳೆಯದಲ್ಲ. ಕೃಷ್ಣಮೃಗ ನೋಡಬೇಕೆನ್ನುವವರು ಬೆಳಗಿನ ಮೊದಲ ರೈಲಿನಲ್ಲಿ ಕಿಟಕಿ ಪಕ್ಕ ಕೂರಲಿ. ಹನುಮನಹಳ್ಳಿಯ ಗವಿಗೆ ದಾರಿಯನ್ನು ಇಲ್ಲಿ ಕೊಟ್ಟಿಲ್ಲ, ಬೇಕೆಂದೇ ಕೊಟ್ಟಿಲ್ಲ.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದರೆ ಪಾನಿಪುರಿ. ಬೇರೆ ಊರಿನ ಹಸಿರು ಪಾನಿಯಲ್ಲ, ಕುಡಿಯುವ ನೀರಿನಷ್ಟು ತಿಳಿಯಾದ ಪಾನಿ ಇಲ್ಲಿಯದು. ಬಾಯಿಗಿಟ್ಟ ಮೇಲೆ ಗೊತ್ತಾಗುತ್ತದೆ ಅದರ ಖಾರ.